ಕ್ಲಚ್ ಮೇಷ್ಟ್ರು ಮತ್ತು ಹ್ಞೂಂ ಹುಡುಗಿ

ಕಾರು ಕಲಿಸುವ ಆ ಮೇಷ್ಟ್ರನ್ನು ಎಲ್ಲರೂ ಕರೆಯುವುದು ಕ್ಲಚ್ ಮೇಷ್ಟ್ರು ಎಂದೇ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ನೂರು ಸಲ ‘ಕ್ಲಚ್ ನಿಧಾನ, ಕ್ಲಚ್ ನಿಧಾನ’ ಎಂದು ಹೇಳುತ್ತ ಬಂದವರಿಗೆ ಬೇರೆ ಯಾವ ಹೆಸರು ತಾನೇ ಅಂಟೀತು? ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನಲ್ಲಿದೆ. ಅದನ್ನು ಪೊಲೀಸರು ಬಿಟ್ಟರೆ ಇನ್ನಾರೂ ಓದಿದ ಹಾಗಿಲ್ಲ.

ಅವರ ಕಾರು ಬೂದು ಬಣ್ಣದ್ದು, ಚಿಕ್ಕದು. ಕಲಿಯುವವರ ಸೀಟು ಸಾವಿರಾರು ಜನರ ಭಯವನ್ನು ಹೊತ್ತು ಹೊತ್ತು ತಗ್ಗಾಗಿದೆ. ಪಕ್ಕದ ಸೀಟು ಮೇಷ್ಟ್ರದು. ಅಲ್ಲಿಯೂ ಒಂದು ಕ್ಲಚ್ಚು, ಒಂದು ಬ್ರೇಕು. ಮಾತು ಮಾತ್ರ ಅರಳು ಹುರಿದಂತೆ. ಟೈರಿನ ಗಾಳಿ, ಎದುರು ಬರುವ ಲಾರಿ, ಕಳೆದ ವಾರದ ಹಲ್ಲುನೋವು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಆ ಮಾತಿನ ಮಳೆಯೊಳಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಹೇಳದೆ ಮುಟ್ಟಬಾರದು. ‘ಈಗ ನಾನು ಸ್ಟೀರಿಂಗಿಗೆ ಕೈ ಹಾಕ್ತೀನಿ, ಸ್ವಲ್ಪ ನನ್ನ ಕಡೆಗೆ ಎಳೀತೀನಿ, ಹೆದರ್ಕೋಬೇಡಿ’ ಎಂದು ಹೇಳಿಯೇ ಕೈ ಹಾಕುವುದು. ಇದು ಅವರಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಮೊದಲ ವರ್ಷ ಔಷಧಿ ಅಂಗಡಿಯವರೊಬ್ಬರಿಗೆ ಕಲಿಸುವಾಗ ಹೇಳದೆ ಸ್ಟೀರಿಂಗ್ ಹಿಡಿದಿದ್ದರು. ಆ ಮನುಷ್ಯ ಬೆಚ್ಚಿಬಿದ್ದು ಎರಡೂ ಕೈ ಮೇಲಕ್ಕೆತ್ತಿ ಕೂತುಬಿಟ್ಟ. ಕಾರು ಹೋಗಿ ಪಾರ್ಕಿನ ಹೂವಿನ ಪಾತಿಯಲ್ಲಿ ನಿಂತಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ಇಂಥ ಮೇಷ್ಟ್ರನ್ನು ಒಂದು ದಿನ ಹುಡುಕಿಕೊಂಡು ಬಂದವರು ಲೈಬ್ರರಿ ಮೇಡಂ. ಐವತ್ತೆರಡನೇ ವಯಸ್ಸಿನಲ್ಲಿ ಇವರ ಹತ್ತಿರವೇ ಕಾರು ಕಲಿತು, ನಾಲ್ಕನೇ ಸಲಕ್ಕೆ ಪಾಸಾದವರು. ಅವರ ಲೈಬ್ರರಿಯ ಮಹಡಿಯಲ್ಲಿ ಒಂದು ಶನಿವಾರದ ಯೋಜನೆ ನಡೆಯುತ್ತಿತ್ತು. ಮನೆಯಲ್ಲಿ ಯಾರೂ ಕಾಲೇಜು ಕಾಣದ ಮಕ್ಕಳು ಹದಿನಾಲ್ಕು ಜನ. ಒಬ್ಬೊಬ್ಬರಿಗೆ ಒಬ್ಬೊಬ್ಬರು ಹಿರಿಯರು ಎರಡು ವರ್ಷ ಜೊತೆಗಿರಬೇಕು. ಪಾಠ ಹೇಳಿಕೊಡುವುದಲ್ಲ. ಮುಂದೇನು ಓದಬೇಕು, ಯಾವ ಕೆಲಸ ಹೇಗಿರುತ್ತದೆ, ಅರ್ಜಿ ಯಾವಾಗ ಹಾಕಬೇಕು, ಇಂಥವನ್ನು ನೋಡಿಕೊಳ್ಳುವುದು. ಹದಿಮೂರು ಹಿರಿಯರು ಸಿಕ್ಕಿದ್ದರು, ಒಬ್ಬರು ಕಡಿಮೆ.

“ನನಗಾ? ನನ್ನ ಕೈಲೇನಾಗುತ್ತೆ ಮೇಡಂ,” ಅಂದರು ಮೇಷ್ಟ್ರು.

“ನಲವತ್ತೊಂದು ಕ್ಲಾಸು ತಗೊಂಡೆ ನಾನು. ಒಂದು ದಿನವಾದ್ರೂ ರೇಗಿದ್ರಾ? ಅಷ್ಟಾದ್ರೆ ಸಾಕು ನನಗೆ.”

ಹೊಗಳಿಕೆಗೆ ಯಾರು ಬಗ್ಗುವುದಿಲ್ಲ ಹೇಳಿ. ಮೇಷ್ಟ್ರು ಒಪ್ಪಿಕೊಂಡು ಫಾರಂ ಮನೆಗೆ ತಂದರು. ಅವರ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು. ದಿನವಿಡೀ ಬಾಯಿ ಊದಿಸಿಕೊಂಡವರನ್ನು ಸಂಭಾಳಿಸಿ ಬಂದು ಸಂಜೆ ಗಂಡನನ್ನು ಸಂಭಾಳಿಸುವವಳು. “ದಾರೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ರಿ,” ಎಂದು ನಕ್ಕಳು. ಫಾರಮ್ಮಿನಲ್ಲಿ ‘ವಿದ್ಯಾರ್ಹತೆ’ ಎಂಬ ಕಡೆ ಮೇಷ್ಟ್ರ ಪೆನ್ನು ನಿಂತುಬಿಟ್ಟಿತ್ತು. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಎರಡು ಸಲ ಕೂತು, ಎರಡು ಸಲವೂ ಮುಗ್ಗರಿಸಿ, ಗ್ಯಾರೇಜಿಗೆ ಸೇರಿಕೊಂಡವರು ಅವರು. ಇದು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬಹಳ ಹೊತ್ತು ಯೋಚಿಸಿ ‘ವಾಹನ ಚಾಲನೆ’ ಎಂದು ಬರೆದರು. ಸುಳ್ಳಂತೂ ಅಲ್ಲ.

ಮೊದಲ ಶನಿವಾರ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ಮೇಜು. ಒಂದೊಂದರ ಹಿಂದೆ ಒಬ್ಬೊಬ್ಬರು ಹಿರಿಯರು: ಬ್ಯಾಂಕಿನ ಆಫೀಸರು, ಸೇತುವೆ ಕಟ್ಟುವ ಇಂಜಿನಿಯರು, ಹಿರಿಯ ನರ್ಸು, ಕೋರ್ಟಿನ ಸ್ಟೆನೋ. ಮಕ್ಕಳು ಪ್ರತಿ ಮೇಜಿನ ಮುಂದೆ ಐದೈದು ನಿಮಿಷ ಕೂತು ಎದ್ದು ಹೋಗುವುದು. ಆ ಸಾಲಿನಲ್ಲಿ ಒಬ್ಬಳು ಹುಡುಗಿ ಬಂದಳು. ಹದಿನಾರು ವರ್ಷ, ಎರಡು ಜಡೆ, ಮಡಿಲಲ್ಲಿ ಬಿಗಿಯಾಗಿ ಹಿಡಿದ ಚೀಲ. ಮೇಷ್ಟ್ರು ಐದು ನಿಮಿಷವೂ ಟೈರಿನ ಬಗ್ಗೆಯೇ ಮಾತಾಡಿದರು. ಅವಳು ಮೂರು ಸಲ “ಹ್ಞೂಂ” ಅಂದು ಎದ್ದು ಹೋದಳು. ಮುಂದಿನ ವಾರ ಮೇಡಂ ಜೋಡಿಗಳ ಪಟ್ಟಿ ಓದಿದಾಗ ಆ ಹುಡುಗಿ ಮೇಷ್ಟ್ರ ಪಾಲಿಗೆ ಬಂದಿದ್ದಳು. ಉಳಿದವರಿಗೆ ಉಳಿದವರು ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡರು. ಪಾಪ, ಇಂಜಿನಿಯರು ಸಿಗಬೇಕಾದ ಮಗು.

ಹುಡುಗಿಯ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೊದಲ ಭೇಟಿಯಲ್ಲೇ ಕೈಮುಗಿದು ಹೇಳಿದಳು: “ದಡ್ಡಿ ಅಲ್ಲ ಸಾರ್ ಇವಳು. ಮಾರ್ಕ್ಸು ಚೆನ್ನಾಗೇ ಬರುತ್ತೆ. ಬಾಯಿಗೆ ಮಾತ್ರ ಬೀಗ. ಕ್ಲಾಸಲ್ಲಿ ಎದ್ದು ನಿಲ್ಲಿಸಿದ್ರೆ ಉತ್ತರ ಗೊತ್ತಿದ್ರೂ ಹಾಗೇ ನಿಂತ್ಕೋತಾಳೆ.”

ಬೀಗ ಎಂದರೆ ಸಾಮಾನ್ಯ ಬೀಗವಲ್ಲ. ಎರಡು ತಿಂಗಳು ಶನಿವಾರ ಶನಿವಾರ ಎದುರುಬದುರು ಕೂತರೂ ಮೇಷ್ಟ್ರಿಗೆ ಸಿಕ್ಕಿದ್ದು ಬರೀ ಹ್ಞಾಂ, ಹ್ಞೂಂ, ಊಹೂಂ. ‘ಮುಂದೆ ಏನಾಗಬೇಕು’ ಎಂಬ ಕಾಲಂ ಖಾಲಿ. ಮೌನವೆಂದರೆ ಮೇಷ್ಟ್ರಿಗೆ ಮೈಮೇಲೆ ಇರುವೆ ಬಿಟ್ಟಂತೆ. ಅವಳು ಬಿಟ್ಟ ಜಾಗವನ್ನೆಲ್ಲ ತಾವೇ ಮಾತಿನಿಂದ ತುಂಬಿಸುತ್ತಿದ್ದರು. ಮನೆಗೆ ಬಂದು ಗಂಟಲಿಗೆ ಬಿಸಿನೀರು ಕುಡಿಯುತ್ತಿದ್ದರು.

ಆಮೇಲೆ ಒಂದು ಶನಿವಾರ ಲೈಬ್ರರಿಯ ಮಹಡಿಗೆ ಸುಣ್ಣ ಬಣ್ಣ. ಕೂರುವುದಕ್ಕೆ ಜಾಗವಿಲ್ಲ. ಮೇಷ್ಟ್ರು ಕಾರಿನಲ್ಲಿ ಕೂತು ಮಾತಾಡುತ್ತೇವೆ ಎಂದಾಗ ಮೇಡಂ, ಇನ್ನೊಬ್ಬ ಹಿರಿಯರು ಜೊತೆಗಿರಲೇಬೇಕು, ಅದು ಯೋಜನೆಯ ನಿಯಮ ಅಂದರು. ಹಾಗಾಗಿ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಅವಳು ಬಟಾಣಿ ಸುಲಿಯುವುದಕ್ಕೆ ಚೀಲ ತಂದಿದ್ದಳು. ಮೇಷ್ಟ್ರು ಕಾರು ಹೊರಡಿಸಿದರು. ಏನೂ ತೋಚದೆ, ಕಲಿಯುವವರಿಗೆ ಹೇಳುವುದನ್ನೇ ಹೇಳಿದರು.

“ನೋಡು, ನಾನು ಎಲ್ಲರಿಗೂ ಮೊದಲ ವಾರ ಇದನ್ನೇ ಮಾಡಿಸೋದು. ಕಣ್ಣು ನೋಡಿದ್ದನ್ನ ಬಾಯಿ ಹೇಳ್ಬೇಕು. ಮುಂದೆ ಏನಿದೆ, ಪಕ್ಕ ಏನಿದೆ, ಹೇಳ್ತಾ ಬಾ. ತಪ್ಪು ಸರಿ ಅಂತ ಏನಿಲ್ಲ ಇದರಲ್ಲಿ.”

ಮೂರು ಬೀದಿ ಕಳೆಯಿತು. ಹಿಂದೆ ಬಟಾಣಿ ಸಿಪ್ಪೆಯ ಸದ್ದು ಮಾತ್ರ.

“ನಾಯಿ,” ಅಂದಳು ಹುಡುಗಿ.

“ಅಂತೂ ಮುತ್ತು ಉದುರ್ತು,” ಅಂದಳು ಹೆಂಡತಿ ಮೆಲ್ಲಗೆ.

ನಾಯಿಯಾದ ಮೇಲೆ ಲಾರಿ, ಲಾರಿಯಾದ ಮೇಲೆ ಶಾಲೆಯ ಗೇಟು. ಎದುರು ಕೂತು ಮುಖ ನೋಡುವವರಿಲ್ಲ, ಇಬ್ಬರ ಕಣ್ಣೂ ರಸ್ತೆಯ ಮೇಲೆ. ಅದೇ ಅವಳ ನಾಲಿಗೆಯ ಗಂಟು ಬಿಡಿಸಿತೋ ಏನೋ. ಬಣ್ಣ ಒಣಗಿದ ಮೇಲೂ ಅವರು ಮಹಡಿ ಹತ್ತಲಿಲ್ಲ. ಮೇಡಂ ಕೂಡ ಸುಮ್ಮನೆ ಒಪ್ಪಿದರು. ಕಾರು ಹತ್ತಿದ ಮೂರನೇ ತಿಂಗಳಲ್ಲಿ ಹುಡುಗಿ ಹೇಳುತ್ತಿದ್ದದ್ದು ಹೀಗೆ: “ಎಡಗಡೆ ಸೈಕಲ್ಲಲ್ಲಿ ಒಬ್ಬರಿದಾರೆ. ಒಂದು ಕೈಯಲ್ಲಿ ಬ್ರೆಡ್ಡು ಹಿಡ್ಕೊಂಡಿದಾರೆ. ತಿರುಗೋವಾಗ ಇವರು ಕೈ ತೋರಿಸಲ್ಲ, ನಿಧಾನ ಮಾಡಿ.” ಅವರು ತೋರಿಸಲೂ ಇಲ್ಲ. ಮೇಷ್ಟ್ರು ಅವಳ ಕಣ್ಣಿಗೆ ಬೆರಗಾದರು. ಇಪ್ಪತ್ತಾರು ವರ್ಷ ರಸ್ತೆ ನೋಡಿದವರು ತಾವು, ಬ್ರೆಡ್ಡು ಕಂಡಿರಲಿಲ್ಲ.

ದೊಡ್ಡಾಸ್ಪತ್ರೆಯ ಮುಂದೆ ಹಾದುಹೋಗುವಾಗ ಒಂದು ದಿನ ಯಾರೂ ಕೇಳದೆಯೇ ಹೇಳಿದಳು: “ಇಲ್ಲೇ ನನ್ನ ಕೈ ಎಕ್ಸ್‌ರೇ ತೆಗೆದಿದ್ದು. ಆಗ ನನಗೆ ಒಂಬತ್ತು ವರ್ಷ. ನನ್ನ ಮೂಳೆ ನಾನೇ ನೋಡ್ದೆ. ನನಗೆ ಆ ಕೆಲಸ ಬೇಕು.”

ಮೇಷ್ಟ್ರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಡ್ಯಾಶ್‌ಬೋರ್ಡಿನಿಂದ ಫಾರಂ ತೆಗೆದು, ಖಾಲಿ ಕಾಲಮ್ಮನ್ನು ಅವಳ ಕೈಯಿಂದಲೇ ತುಂಬಿಸಿದರು.

ಆ ಕೆಲಸ ಕಲಿಸುವ ಕಾಲೇಜು ಆಸ್ಪತ್ರೆಯ ಹಿಂದುಗಡೆಯೇ ಇತ್ತು. ಮೂರು ವರ್ಷದ ಓದು, ಮೂವತ್ತು ಸೀಟು. ಮೇಡಂ ಅದರ ಪುಸ್ತಿಕೆ ತರಿಸಿಕೊಟ್ಟರು. ಫೀಸು ಮಾಫಿ ಬೇಕಾದವರು ಬೇರೆ ಇನ್ನೊಂದು ಅರ್ಜಿ ಹಾಕಬೇಕೆಂದೂ, ಅದರ ಕೊನೆಯ ದಿನ ಮೂರು ವಾರ ಮೊದಲೇ ಮುಗಿಯುತ್ತದೆಂದೂ ಹೇಳಿದ್ದು ಹಿರಿಯ ನರ್ಸು. ಇದು ಪುಸ್ತಿಕೆಯ ಹದಿನೇಳನೇ ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಬುದ್ಧಿ ಸಾಲದೆ ಸೀಟು ಕಳೆದುಕೊಂಡ ಮಕ್ಕಳಿಗಿಂತ ಆ ಎರಡನೇ ಅರ್ಜಿ ಇದೆಯೆಂದೇ ತಿಳಿಯದೆ ಕಳೆದುಕೊಂಡವರು ಹೆಚ್ಚು ಎಂದು ನಾನು ಬೇಕಾದರೆ ಬಾಜಿ ಕಟ್ಟಿ ಹೇಳುತ್ತೇನೆ. ಓದಿದವರ ಮನೆಯಲ್ಲಿ ಇಂಥದ್ದನ್ನು ಮಾವನೋ ಚಿಕ್ಕಮ್ಮನೋ ಊಟದ ಹೊತ್ತಿಗೆ ಬಾಯಿಮಾತಲ್ಲಿ ಹೇಳಿಬಿಡುತ್ತಾರೆ. ಲಾಂಡ್ರಿಯಲ್ಲಿ ಯಾರು ಹೇಳಬೇಕು?

ಎರಡು ಅರ್ಜಿಯೂ ಹೊತ್ತಿಗೆ ಸರಿಯಾಗಿ ಹೋದವು. ಆದರೆ ಮಾರ್ಕ್ಸ್ ಜೊತೆಗೆ ಸಂದರ್ಶನವೂ ಇತ್ತು. ಎಕ್ಸ್‌ರೇ ತೆಗೆಯುವವರು ನೋವಿನಲ್ಲಿರುವವರ ಜೊತೆ ಮಾತಾಡಬೇಕು; ಮಾತು ಬಾರದವರನ್ನು ತಗೊಳ್ಳುವುದಿಲ್ಲ ಎಂದು ಪುಸ್ತಿಕೆಯಲ್ಲೇ ಬರೆದಿತ್ತು. ಅದನ್ನು ಓದಿದ ದಿನ ಹುಡುಗಿ ಮತ್ತೆ ಹ್ಞೂಂಗೆ ಇಳಿದಳು. ಮೇಷ್ಟ್ರಿಗೂ ಅವತ್ತಿನಿಂದ ಅದೇ ಯೋಚನೆ. ಇವಳ ಸೀಟು ಹೋದರೆ ಮಾತಿನಿಂದ ಹೋಗಬೇಕು, ಮಾತು ಕಲಿಸಬೇಕಾದವರು ತಾವು.

ಎಡವಟ್ಟು ಮಾಡಿದವರೂ ಅವರೇ. ಕಾಲೇಜು ನೋಡುವುದಕ್ಕೆ ಎಲ್ಲರನ್ನೂ ಬಿಡುವ ದಿನ, ಮೇಜಿನ ಹಿಂದೆ ಕೂತಿದ್ದ ಹೆಂಗಸು ಹುಡುಗಿಯನ್ನು ಕೇಳಿದಳು, “ನಿನಗೆ ಈ ಓದು ಯಾಕಮ್ಮಾ ಬೇಕು?” ಹುಡುಗಿ ಬಾಯಿ ತೆರೆದಳು. ಇನ್ನೂ ಒಂದು ಉಸಿರೂ ಹೊರಟಿರಲಿಲ್ಲ, ಮೇಷ್ಟ್ರು ಶುರುಮಾಡಿಬಿಟ್ಟರು: ಒಂಬತ್ತನೇ ವಯಸ್ಸು, ಮುರಿದ ಕೈ, ಮೂಳೆ ನೋಡಿದ್ದು, ಎಲ್ಲ. ಕಲಿಯುವವರ ಕಾಲು ಅರ್ಧ ಕ್ಷಣ ತಡವಾದರೆ ತಮ್ಮ ಕಾಲು ತಾನಾಗಿ ಬ್ರೇಕಿಗೆ ಹೋಗುವ ಅಭ್ಯಾಸ. ಅವಳ ಕಥೆಯನ್ನು ಅವಳಿಗಿಂತ ಚೆನ್ನಾಗಿ ಹೇಳಿ ಮುಗಿಸಿದರು. ಹುಡುಗಿ ಬಾಯಿ ಮುಚ್ಚಿಕೊಂಡಳು. ಮನೆ ತನಕ ಒಂದು ನಾಯಿಯ ಹೆಸರನ್ನೂ ಎತ್ತಲಿಲ್ಲ.

ಅವಳನ್ನು ಇಳಿಸಿದ ಮೇಲೆ ಹೆಂಡತಿ ಹಿಂದಿನಿಂದ ಕೇಳಿದಳು: “ಕಾರಿಗೆ ಎರಡು ಬ್ರೇಕು ಸರಿ. ಆ ಹುಡುಗಿ ಬಾಯಿಗೂ ನಿಮ್ಮ ಕಡೆಯಿಂದ ಒಂದು ಹಾಕಿಸಿದೀರಾ?”

ಮೇಷ್ಟ್ರಿಗೆ ನಾಚಿಕೆಯಾಯಿತು. ನಿಜವಾಗಿ, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ಮರುದಿನ ಒಂದು ಡಬ್ಬಿ ಪೆಪ್ಪರ್‌ಮಿಂಟು ಕೊಂಡು ಕಾರಿನಲ್ಲಿಟ್ಟರು. ಹುಡುಗಿ ಮಾತಾಡುವುದಕ್ಕೆ ಹೊರಟ ಕೂಡಲೇ ಒಂದನ್ನು ಬಾಯಿಗೆ ಹಾಕಿಕೊಳ್ಳುವುದು. ಅದು ಕರಗುವ ತನಕ ತುಟಿ ಬಿಚ್ಚುವುದಿಲ್ಲವೆಂದು ಪ್ರತಿಜ್ಞೆ. ಎರಡು ವರ್ಷ ಮುಗಿಯುವ ಹೊತ್ತಿಗೆ ಹೆಂಡತಿಯ ಡಾಕ್ಟರೇ ಅವರ ಎರಡು ಹಲ್ಲಿಗೆ ಸಿಮೆಂಟು ತುಂಬಬೇಕಾಯಿತು.

ಯೋಜನೆಯಲ್ಲಿ ‘ಕೆಲಸ ನೋಡುವ ದಿನ’ ಎಂದೊಂದಿತ್ತು. ನರ್ಸಮ್ಮ ಮಾತಾಡಿ ಹುಡುಗಿಯನ್ನು ಒಂದಿಡೀ ದಿನ ಎಕ್ಸ್‌ರೇ ವಿಭಾಗದಲ್ಲಿ ನಿಲ್ಲಿಸಿಕೊಟ್ಟಳು. ಸಂಜೆ ಸ್ಟೀರಿಂಗ್ ಹಿಂದೆ ಕೂತವಳು ಕಾರು ಹೊರಡಿಸಿದಳು.

“ಅವರು ಹೇಳದೇ ಮುಟ್ತಾರೆ,” ಅಂದಳು. ಮೇಷ್ಟ್ರ ಬಾಯಲ್ಲಿ ಪೆಪ್ಪರ್‌ಮಿಂಟು. “ಭುಜ ಹಿಡಿದು ತಿರುಗಿಸ್ತಾರೆ, ಪೇಷೆಂಟು ಬೆಚ್ಚಿಬೀಳ್ತಾರೆ, ಫೋಟೋ ಅಲ್ಲಾಡುತ್ತೆ, ಮತ್ತೆ ತೆಗೀತಾರೆ. ನೀವು ಸ್ಟೀರಿಂಗ್ ಮುಟ್ಟೋಕೆ ಮುಂಚೆ ಹೇಳ್ತೀರಿ.”

ಅವಳಿಗೆ ಹದಿನೆಂಟು ತುಂಬಿ, ಕಲಿಯುವವರ ಲೈಸೆನ್ಸು ಬಂದು, ಕಾರಿನಲ್ಲಿ ಸೀಟು ಬದಲಾಗಿ ಆಗಲೇ ಒಂದು ತಿಂಗಳಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮೇಷ್ಟ್ರಿಗೆ ಆ ಮಾತಿನ ಬೆಲೆ ಆಗ ತಿಳಿಯಲಿಲ್ಲ. ಅವರ ತಲೆಯೆಲ್ಲ ಸಂದರ್ಶನದ ಮೇಲಿತ್ತು. ಬ್ಯಾಂಕಿನ ಆಫೀಸರನ್ನು ಕಾಡಿ ಬೇಡಿ ಹನ್ನೊಂದು ಪ್ರಶ್ನೆ, ಹನ್ನೊಂದು ಉತ್ತರ ಬರೆಸಿ ತಂದಿದ್ದರು. ಸೊಗಸಾದ ಉತ್ತರಗಳು. ‘ಸಮಾಜಕ್ಕೆ ಸೇವೆ ಸಲ್ಲಿಸುವ ಹಂಬಲ’ ಎಂಬುದು ಮೂರು ಕಡೆ ಬರುತ್ತಿತ್ತು. ಹುಡುಗಿ ಹನ್ನೊಂದನ್ನೂ ಉರುಹೊಡೆದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು.

ಸಂದರ್ಶನದ ದಿನ ಬೆಳಿಗ್ಗೆ ಅವಳ ಅಮ್ಮನೂ ರಜೆ ಹಾಕಿ ಬಂದಳು. ಹುಡುಗಿಯ ಮೈಮೇಲೆ ಅಮ್ಮನೇ ಇಸ್ತ್ರಿ ಮಾಡಿದ ಅಂಗಿ, ಗೆರೆ ಮುಟ್ಟಿದರೆ ಕೈ ಕೊಯ್ಯುವ ಹಾಗಿತ್ತು. ಕಾರಿಡಾರಿನ ಬೆಂಚಿನ ಮೇಲೆ ನಾಲ್ವರೂ ಕೂತರು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಕಾಲು ಗಂಟೆಗೆ ಹೊರಗೆ ಬರುತ್ತಿದ್ದರು. ಇವಳು ಹೋದಳು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಮೇಷ್ಟ್ರ ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು. ಹೆಂಡತಿ ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಹಿಡಿದಳು. ನಲವತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

“ಏನು ಕೇಳಿದ್ರು?” ಅಂದರು ಮೇಷ್ಟ್ರು.

“ಹನ್ನೊಂದರಲ್ಲಿ ಒಂದೂ ಕೇಳಲಿಲ್ಲ,” ಅಂದಳು. ಅಷ್ಟೇ. ಅಮ್ಮನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಯಾರೂ ಮತ್ತೆ ಕೇಳಲಿಲ್ಲ.

ಆಮೇಲಿನ ಒಂಬತ್ತು ದಿನ ಮೇಷ್ಟ್ರ ಬಾಯಿಂದ ‘ಕ್ಲಚ್ ನಿಧಾನ’ ಬಿಟ್ಟು ಬೇರೆ ಮಾತು ಬರಲಿಲ್ಲ. ಕಲಿಯಲು ಬಂದ ಹೂವಿನಂಗಡಿಯವನು, “ಏನು ಮೇಷ್ಟ್ರೇ, ಇವತ್ತು ಕಾರಲ್ಲಿ ರೇಡಿಯೋ ಕೆಟ್ಟಿದೆಯಾ,” ಎಂದು ಕೇಳಿದ; ಕಾರಿನಲ್ಲಿ ರೇಡಿಯೋ ಎಂದೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯೆದುರು ಬಾಯಿಬಿಟ್ಟರು: “ನಾನೇ ದಾಟದ ಹೊಳೇನ ಅವಳಿಗೆ ದಾಟಿಸೋಕೆ ಹೋದೆ. ಇಂಜಿನಿಯರ ಜೊತೆ ಬಿಟ್ಟಿದ್ರೆ ಅವರು ಸರಿಯಾದ ಪ್ರಶ್ನೆ ಹೇಳ್ಕೊಡ್ತಿದ್ರು. ನಾನು ಹತ್ತನೇ ಕ್ಲಾಸು ಫೇಲು ಅಂತ ಮೊದಲೇ ಹೇಳ್ಬೇಕಿತ್ತು.”

“ಇನ್ನೂ ಫಲಿತಾಂಶ ಬಂದಿಲ್ಲ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದೀನಿ, ನೀವು ಅಳೋಕೇ ಶುರುಮಾಡಿದ್ರಿ,” ಎಂದು ಅವಳು ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಹತ್ತನೇ ದಿನ ಶನಿವಾರ. ಡ್ರೈವಿಂಗ್ ಸ್ಕೂಲಿನ ಆಫೀಸು ಎಂದರೆ ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಿತ್ರಪಟ. ಹೆಂಡತಿ ರಜೆಯಿದ್ದುದರಿಂದ ಅಲ್ಲೇ ಕೂತಿದ್ದಳು. ಹುಡುಗಿ ಬಾಗಿಲಲ್ಲಿ ನಿಂತು ಕಾಗದವನ್ನು ಚಾಚಿದಳು. ಮೇಷ್ಟ್ರು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಹೇಳಿದಳು: “ಸೀಟು ಸಿಕ್ತು. ಫೀಸು ಮಾಫಿನೂ ಆಯ್ತು.”

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಮೂರನೇ ಸಲ ಅಕ್ಷರಗಳು ಕಾಣಲಿಲ್ಲ, ಕಣ್ಣು ತುಂಬಿತ್ತು. ಹೆಂಡತಿ ಹುಡುಗಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಒಳಗೆ ಏನಾಯಿತು ಹೇಳು ಅಂದಳು. ಹುಡುಗಿ ಹೇಳಿದಳು, ರಸ್ತೆ ಹೇಳುವ ಹಾಗೆಯೇ, ಒಂದನ್ನೂ ಬಿಡದೆ.

ಒಳಗೆ ಪ್ರಶ್ನೆ ಕೇಳುವ ಬದಲು ಒಂದು ಮಂಚ ಇಟ್ಟಿದ್ದರಂತೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಜ್ಜನನ್ನು ಕೂರಿಸಿ, ಇವರ ಭುಜದ ಮೂಳೆ ಮುರಿದಿದೆ ಅಂದುಕೋ, ಎಕ್ಸ್‌ರೇಗೆ ಮಲಗಿಸು ಎಂದರಂತೆ. ಹನ್ನೊಂದು ಉತ್ತರವೂ ತಲೆಯಿಂದ ಹಾರಿಹೋಯಿತು. ಒಂದು ನಿಮಿಷ ಕಂಬದ ಹಾಗೆ ನಿಂತಳು. ಎದುರಿನ ಮೂವರಲ್ಲಿ ಒಬ್ಬರು ಏನೋ ಬರೆದುಕೊಂಡರು.

“ಆಮೇಲೆ ಅಜ್ಜನ್ನ ನೋಡ್ದೆ. ಅವರಿಗೆ ಒಂದು ಕಿವಿ ಸರಿಯಾಗಿ ಕೇಳಲ್ಲ, ತಲೆ ಒಂದು ಕಡೆಗೆ ವಾಲಿಸ್ತಿದ್ರು. ಕೇಳೋ ಕಿವಿ ಕಡೆಗೆ ಹೋಗಿ ಹೇಳ್ದೆ. ಅಜ್ಜ, ಈಗ ನಾನು ನಿಮ್ಮ ಬೆನ್ನಿಗೆ ಕೈ ಕೊಡ್ತೀನಿ. ಮಂಚ ಸ್ವಲ್ಪ ತಣ್ಣಗಿರುತ್ತೆ. ಈಗ ಭುಜ ನನ್ನ ಕಡೆಗೆ ತಿರುಗಿಸ್ತೀನಿ, ನೋವಾದ್ರೆ ಹೇಳಿ, ನಿಲ್ಲಿಸ್ತೀನಿ. ಆಮೇಲೆ, ಉಸಿರು ನಿಧಾನ, ಉಸಿರು ನಿಧಾನ ಅಂದೆ. ನಿಮ್ಮ ರಾಗದಲ್ಲೇ ಬಂದ್ಬಿಡ್ತು. ಅಜ್ಜ ನಕ್ಕುಬಿಟ್ರು.”

ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರಂತೆ. ಕಾರಿನಲ್ಲಿ ಅಂದಳಂತೆ. ಅದನ್ನು ವಿವರಿಸುವುದರಲ್ಲಿ, ಅವರ ವಿಭಾಗದಲ್ಲಿ ಹೇಳದೇ ಮುಟ್ಟುವುದನ್ನು ತಾನು ನೋಡಿದ್ದನ್ನೂ ಹೇಳುವುದರಲ್ಲಿ, ನಲವತ್ತು ನಿಮಿಷವಾಯಿತು. ಅವರ ತಪ್ಪನ್ನು ಅವರಿಗೇ ಹೇಳಿಬಿಟ್ಟೆನಲ್ಲ, ಸೀಟು ಹೋಯಿತು ಎಂದುಕೊಂಡೇ ಮುಖ ಬಿಳಿಚಿದ್ದು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಇನ್ನು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ ಅನ್ನಿಸಿತು.

“ನಿನಗೊಂದು ಮಾತು ಹೇಳ್ಬೇಕು. ನಾನು ಹತ್ತನೇ ಕ್ಲಾಸೇ ಪಾಸಾಗಿಲ್ಲ. ಅವತ್ತು ಅಷ್ಟೊಂದು ಓದಿದೋರು ಕೂತಿದ್ರು. ನಿನ್ನ ಪಾಲಿಗೆ ನಾನು ಬಂದೆ. ಮೇಡಂ ಹಾಗೆ ಹಾಕ್ಬಿಟ್ರು. ನಿನ್ನದೇ ಗಟ್ಟಿತನ, ಇಷ್ಟು ದೂರ ಬಂದೆ.”

“ಮೇಡಂ ಹಾಕ್ಲಿಲ್ಲ,” ಅಂದಳು ಹುಡುಗಿ. “ನಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ರು, ಯಾರು ಬೇಕೋ ಬರೀರಿ ಅಂತ. ನಾನು ನಿಮ್ಮನ್ನೇ ಬರೆದೆ.”

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. “ಇಂಜಿನಿಯರನ್ನ ಬಿಟ್ಟು? ಯಾಕೆ?”

ಹುಡುಗಿ ಹೆಂಡತಿಯ ಕಡೆ ನೋಡಿದಳು, ಹೇಳಲೋ ಬೇಡವೋ ಅನ್ನುವ ಹಾಗೆ. ಆಮೇಲೆ ಹೇಳಿದಳು.

“ಉಳಿದೋರೆಲ್ಲ ಒಂದು ಪ್ರಶ್ನೆ ಕೇಳಿ ಸುಮ್ಮನಾಗ್ತಿದ್ರು. ನಾನು ಉತ್ತರ ಹೇಳೋ ತನಕ ಕಾಯ್ತಿದ್ರು. ನೀವು ಕಾಯ್ಲೇ ಇಲ್ಲ. ಇವರ ಜೊತೆಗಾದ್ರೆ ಎರಡು ವರ್ಷ ನಾನು ಬಾಯೇ ಬಿಡ್ಬೇಕಾಗಿಲ್ಲ ಅಂದ್ಕೊಂಡು ಬರೆದೆ.”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕಳು. ಮೇಷ್ಟ್ರು ಜೇಬಿನಲ್ಲಿ ಪೆಪ್ಪರ್‌ಮಿಂಟು ತಡಕಾಡಿದರು.

“ನನ್ನ ಲೆಕ್ಕ ತಪ್ಪಿಹೋಯ್ತು,” ಅಂದಳು ಹುಡುಗಿ.